ಎಲ್ಲರಿಗೂ ಇರುವ ಕಪ್ಪು ಚುಕ್ಕೆ

ನನ್ನ ಪಿಎಚ್‌ಡಿಯ ಮೂರನೇ ವರ್ಷವನ್ನು ನಾನು ಹೆಚ್ಚುಕಡಿಮೆ ಬೇರೆಯವರ ಬಾಯಿ ನೋಡುತ್ತಲೇ ಕಳೆದೆ. ನಾನು ದಂತವೈದ್ಯೆಯಲ್ಲ, ಓದಿದ್ದು ಕಂಪ್ಯೂಟರ್ ಸೈನ್ಸ್. ಹಲ್ಲಿನ ಎಕ್ಸ್‌ರೇಯಲ್ಲಿ ರೋಗ ಎಲ್ಲಿದೆ ಎಂದು ತಾನೇ ಗುರುತಿಸುವ ಪ್ರೋಗ್ರಾಂ ಒಂದನ್ನು ರೂಪಿಸುವುದು ನನ್ನ ಸಂಶೋಧನೆಯ ವಿಷಯ. ಹೆಸರು, ವಿಳಾಸ ತೆಗೆದುಹಾಕಿದ ಸಾವಿರಾರು ಎಕ್ಸ್‌ರೇಗಳು ದಾವಣಗೆರೆಯ ಒಂದು ದಂತ ವೈದ್ಯಕೀಯ ಕಾಲೇಜಿನಿಂದ ನಮ್ಮ ಲ್ಯಾಬಿಗೆ ಬಂದಿದ್ದವು. ಒಂದೊಂದನ್ನೇ ತೆರೆದು, ರೋಗ ಇರುವ ಜಾಗದ ಸುತ್ತ ಮೌಸ್‌ನಿಂದ ಚೌಕ ಎಳೆಯಬೇಕು. ಆ ಚೌಕಗಳನ್ನು ನೋಡಿ ಕಂಪ್ಯೂಟರ್ ಕಲಿಯುತ್ತದೆ. ಕೇಳಲು ದೊಡ್ಡ ಕೆಲಸದಂತೆ ಕಂಡರೂ ಮಾಡುವಾಗ ಅದು ಅಕ್ಕಿ ಆರಿಸುವ ಕೆಲಸವೇ.

ಮೊದಲ ಎರಡು ತಿಂಗಳು ನನ್ನ ಬಳಿ ಇದ್ದದ್ದು ಒಂದು ಪುಟದ ಸೂಚನೆ ಮಾತ್ರ. ಅದರಲ್ಲಿ ಹೀಗೊಂದು ಸಾಲಿತ್ತು: ಬೇರಿನ ತುದಿಯಲ್ಲಿ ಕಪ್ಪು ಕಂಡರೆ ಗುರುತು ಹಾಕಿ. ಎಕ್ಸ್‌ರೇಯಲ್ಲಿ ಗಟ್ಟಿ ವಸ್ತು ಬೆಳ್ಳಗೆ, ಟೊಳ್ಳು ವಸ್ತು ಕಪ್ಪಗೆ ಕಾಣುತ್ತದೆ. ಹಲ್ಲಿನ ಜೀವ ಸತ್ತು ಬೇರಿನ ತುದಿಯಲ್ಲಿ ಸೋಂಕು ಕೂತರೆ ಸುತ್ತಲಿನ ಮೂಳೆ ಕರಗುತ್ತದೆ. ಕರಗಿದ ಜಾಗ ಕಪ್ಪಾಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ. ದಿನಕ್ಕೆ ನೂರು ಚಿತ್ರ ಮುಗಿಸುತ್ತಿದ್ದೆ.

ಎರಡು ತಿಂಗಳಾದ ಮೇಲೆ ಆ ಕಾಲೇಜಿನ ರೇಡಿಯಾಲಜಿ ವಿಭಾಗದ ಮೇಡಂ ಒಬ್ಬರು ನಾನು ಎಳೆದ ಚೌಕಗಳನ್ನು ಪರಿಶೀಲಿಸಲು ಒಪ್ಪಿಕೊಂಡರು. ನಾನು ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಅವರು ಮೊದಲ ಹತ್ತು ಚಿತ್ರಗಳನ್ನು ಏನೂ ಮಾತಾಡದೆ ನೋಡಿದರು. ಹನ್ನೊಂದನೆಯದರಲ್ಲಿ ನಿಂತರು. ಮೇಲಿನ ಎರಡು ಬಾಚಿಹಲ್ಲುಗಳ ಚಿತ್ರ ಅದು. ಎರಡು ಬೇರುಗಳ ನಡುವೆ, ಹುಣಸೆಬೀಜದ ಆಕಾರದ ಒಂದು ಕಪ್ಪು. ಅದರ ಸುತ್ತ ನನ್ನ ಕೆಂಪು ಚೌಕ.

"ಇದೇನು?" ಅಂದರು.

"ಸೋಂಕು ಮೇಡಂ."

"ನಾಲಗೆಯ ತುದಿಯನ್ನು ಮೇಲಿನ ಎರಡು ಹಲ್ಲುಗಳ ಹಿಂದೆ ಇಟ್ಟು ನೋಡಿ. ಸಣ್ಣ ಗುಬ್ಬಿ ಸಿಗುತ್ತಾ?"

ಸಿಕ್ಕಿತು. ನೀವೂ ನೋಡಬಹುದು. ತ, ಥ, ದ, ಧ ಎಂದು ಹೇಳುವಾಗ ನಾಲಗೆ ಹೋಗಿ ತಾಗುತ್ತದಲ್ಲ, ಅಲ್ಲಿಂದ ತುಸು ಹಿಂದೆ, ಅಂಗುಳದ ನಟ್ಟನಡುವೆ ಒಂದು ಮೆತ್ತನೆಯ ಉಬ್ಬು ಇದೆ. ಅದರ ಕೆಳಗೆ ಮೂಳೆಯಲ್ಲಿ ಒಂದು ತೂತು. ಮೂಗಿನ ಕಡೆಯಿಂದ ನರ, ರಕ್ತನಾಳ ಆ ತೂತಿನ ಮೂಲಕ ಅಂಗುಳಕ್ಕೆ ಬರುತ್ತವೆ. ಅದರ ಹೆಸರು ಇನ್ಸೈಸಿವ್ ಫೊರಾಮೆನ್.

"ಇದು ರೋಗ ಅಲ್ಲಮ್ಮ. ಇದು ನನಗೂ ಇದೆ, ನಿಮಗೂ ಇದೆ. ಇದಿಲ್ಲದವರು ಸಿಕ್ಕಿದರೆ ನನಗೆ ಹೇಳಿ" ಎಂದು ಮೇಡಂ ನಕ್ಕರು.

ನಾನು ನಗಲಿಲ್ಲ. ಎರಡು ತಿಂಗಳ ಕೆಲಸ ಮತ್ತೆ ಮಾಡಬೇಕಲ್ಲ ಎಂಬ ಚಿಂತೆಯೂ ಆಗ ಬರಲಿಲ್ಲ. ನನಗೆ ನೆನಪಾದದ್ದು ನಾಲ್ಕು ವರ್ಷಗಳ ಹಿಂದೆ ಒಂದು ಕ್ಲಿನಿಕ್ಕಿನಲ್ಲಿ ಅವ್ವನ ಪಕ್ಕ ನಿಂತು ನೋಡಿದ್ದ ಇಂಥದೇ ಒಂದು ಕಪ್ಪು.

ನಮ್ಮೂರು ಚನ್ನಗಿರಿ ತಾಲೂಕಿನಲ್ಲಿದೆ. ಅವ್ವ ಬಹಳ ಕಾಲ ಇದ್ದಿಲಪುಡಿಗೆ ಉಪ್ಪು ಬೆರೆಸಿ ಬೆರಳಿನಿಂದ ಹಲ್ಲು ತಿಕ್ಕಿದವಳು. ಆಮೇಲೆ ಬ್ರಷ್ ಬಂತು, ಆದರೆ ತಿಕ್ಕುವ ಜೋರು ಕಡಿಮೆಯಾಗಲಿಲ್ಲ. ಒಸಡಿನ ಹತ್ತಿರ ಹಲ್ಲುಗಳು ಸವೆದು ಗಾಡಿ ಬಿದ್ದಿದ್ದವು. ತಣ್ಣೀರು ಕುಡಿದರೆ ಮುಂದಿನ ಹಲ್ಲು ಜುಮ್ಮೆನ್ನುತ್ತದೆ ಎನ್ನುತ್ತಿದ್ದಳು. ಆಗಷ್ಟೇ ಎಂ.ಟೆಕ್ ಮುಗಿಸಿದ್ದ ನಾನು ರಜೆಯಲ್ಲಿ ಊರಿಗೆ ಹೋದಾಗ ಅವಳನ್ನು ಹತ್ತಿರದ ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಎಕ್ಸ್‌ರೇ ತೆಗೆದರು. ವೈದ್ಯರು ಬೆರಳಗಲದ ಫಿಲ್ಮನ್ನು ಬೆಳಕಿಗೆ ಹಿಡಿದು, "ಬೇರಿನ ತುದೀಲಿ ಕಪ್ಪಗಿದೆ ನೋಡಿ, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು" ಅಂದರು.

ಅವ್ವ ವೈದ್ಯರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. "ನಿಂಗೂ ಕಾಣ್ತತೇನು?" ಎಂದು ಕೇಳಿದಳು.

ನಾನು ಫಿಲ್ಮ್ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಎಂ.ಟೆಕ್‌ನಲ್ಲಿ ಇಮೇಜ್ ಪ್ರಾಸೆಸಿಂಗ್ ಓದಿದವಳು ನಾನು, ಕಾಣದೆ ಇರುತ್ತದೆಯೇ? "ಹೌದವ್ವ, ಕಾಣ್ತತಿ" ಅಂದೆ.

ಅಷ್ಟಕ್ಕೇ ಅವಳು ಒಪ್ಪಿಕೊಂಡಳು. ಮೂರು ಸಲ ಹೋಗಿಬಂದಳು. ಒಟ್ಟು ಏಳು ಸಾವಿರ ರೂಪಾಯಿ ಆಯಿತು.

ಮೇಡಂ ನನಗೆ ಪಾಠ ಶುರುಮಾಡಿದ್ದು ಆ ವಾರವೇ. ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ. "ರೋಗದ ವಿಷಯ ಆಮೇಲೆ. ಮೊದಲು ಆರು ವಾರ ಬರೀ ಆರೋಗ್ಯ ನೋಡಿ" ಎನ್ನುವುದು ಅವರ ಷರತ್ತು. ರೋಗವಿಲ್ಲದ ಮೇಲ್ದವಡೆಯನ್ನು ನೋಡಲು ಆರು ವಾರ ಯಾಕೆ ಬೇಕು ಎಂದು ಮೊದಮೊದಲು ನನಗೆ ಅನ್ನಿಸಿದ್ದು ನಿಜ. ಕೆಳದವಡೆ ಒಂಟಿ ಮೂಳೆ, ಅದರ ಆಚೀಚೆ ಬೇರೇನೂ ಇಲ್ಲ. ಮೇಲ್ದವಡೆ ಹಾಗಲ್ಲ. ಅದಕ್ಕೆ ಮೂಗು ಅಂಟಿಕೊಂಡಿದೆ, ಕೆನ್ನೆಮೂಳೆ ಅಂಟಿಕೊಂಡಿದೆ, ಒಳಗೆ ಗಾಳಿ ತುಂಬಿದ ಕೋಣೆಗಳಿವೆ. ಮುಖದ ಇಷ್ಟೆಲ್ಲ ಭಾಗಗಳು ಒಂದರ ಮೇಲೊಂದು ಬಿದ್ದು, ಮೂರು ಸೆಂಟಿಮೀಟರ್ ಅಗಲ ನಾಲ್ಕು ಸೆಂಟಿಮೀಟರ್ ಉದ್ದದ ಫಿಲ್ಮಿನಲ್ಲಿ ಚಪ್ಪಟೆಯಾಗಿ ಬಂದು ಕೂರುತ್ತವೆ. ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಅದರಲ್ಲಿ ಇರುವುದಿಲ್ಲ.

ನಾವು ಮಧ್ಯದಿಂದ ಹೊರಟೆವು. ಎರಡು ಬಾಚಿಹಲ್ಲುಗಳ ನಡುವೆ ಕೂದಲೆಳೆಯಂಥ ಒಂದು ಕಪ್ಪು ಗೆರೆ ಮೇಲಕ್ಕೆ ಹೋಗುತ್ತದೆ. ಎಡ ಬಲ ಮೇಲ್ದವಡೆಗಳು ಬಂದು ಕೂಡುವ ಹೊಲಿಗೆ ಅದು. ಗೊತ್ತಿಲ್ಲದವರು ಅದನ್ನು ಮೂಳೆಯ ಬಿರುಕು ಅಂದುಕೊಳ್ಳುತ್ತಾರೆ. ಅದರ ಮೇಲ್ತುದಿಯಲ್ಲಿ ಬಿಳಿಯ ಸಣ್ಣ 'ವಿ' ಆಕಾರ, ಮೂಗಿನ ಬುಡದ ಮುಳ್ಳುಮೂಳೆ. ಇನ್ನೂ ಮೇಲೆ ಅಕ್ಕಪಕ್ಕ ಎರಡು ಕಪ್ಪು ಗುಹೆಗಳು, ನಡುವೆ ಬಿಳಿ ಗೋಡೆ. ಮೂಗಿನ ಹೊಳ್ಳೆಗಳ ಒಳಭಾಗ ಮತ್ತು ಅವುಗಳ ನಡುವಿನ ತಡೆ. ಕೆಲವೊಮ್ಮೆ ಹಲ್ಲುಗಳ ಮೇಲೆ ಬೂದುಬಣ್ಣದ ದುಂಡನೆಯ ನೆರಳೊಂದು ಬಿದ್ದಿರುತ್ತದೆ. ಅದೇನೆಂದು ನಾನು ಬಹಳ ತಲೆಕೆಡಿಸಿಕೊಂಡೆ. ಮೇಡಂ ತಮ್ಮ ಮೂಗಿನ ತುದಿ ಮುಟ್ಟಿ ತೋರಿಸಿದರು. ಅಷ್ಟೇ, ಮೂಗಿನ ತುದಿಯ ನೆರಳು.

ಪಕ್ಕಕ್ಕೆ ಸರಿದರೆ ಕೋರೆಹಲ್ಲು. ಅದರ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರ ಬರೆದಂತೆ ಬಿಳಿ ಗೆರೆಗಳು. ಮೂಗಿನ ನೆಲದ ಗೆರೆಯೂ ಅದರಾಚೆಯ ಗಾಳಿಕೋಣೆಯ ಗೋಡೆಯೂ ಅಲ್ಲಿ ಒಂದನ್ನೊಂದು ದಾಟುತ್ತವೆ. ಆ ಗಾಳಿಕೋಣೆಯೇ ಸೈನಸ್. ನೆಗಡಿಯಾದಾಗ ಕೆನ್ನೆ ಭಾರವಾಗುವುದು ಇದರಿಂದಲೇ. ಹಿಂದಿನ ಹಲ್ಲುಗಳ ಬೇರುಗಳ ಮೇಲೆ ಅದು ದೊಡ್ಡ ಕಪ್ಪಾಗಿ ಹರಡಿಕೊಂಡಿರುತ್ತದೆ. ಕೆಲವರಲ್ಲಿ ಬೇರುಗಳಿಂದ ದೂರ, ಕೆಲವರಲ್ಲಿ ಬೇರುಗಳ ನಡುವೆಯೇ ಇಳಿದುಬಂದಿರುತ್ತದೆ. ದವಡೆ ಹಲ್ಲು ಕೀಳಿಸಿಕೊಂಡು ವರ್ಷಗಳಾದವರಲ್ಲಿ ಆ ಖಾಲಿ ಜಾಗಕ್ಕೂ ಮೆಲ್ಲಗೆ ಇಳಿಯುತ್ತದೆ.

ಈ ಕೋಣೆಗೆ ಬಹಳ ಕಾಲ ಒಬ್ಬ ಇಂಗ್ಲಿಷ್ ವೈದ್ಯನ ಹೆಸರಿತ್ತು, ನಥಾನಿಯಲ್ ಹೈಮೋರ್. 1651ರಲ್ಲಿ ಪ್ರಕಟವಾದ ತನ್ನ ಅಂಗರಚನಾಶಾಸ್ತ್ರದ ಪುಸ್ತಕದಲ್ಲಿ ಆತ ಇದನ್ನು ವಿವರಿಸಿದ. ಅವನಿಗಿಂತ ಒಂದೂವರೆ ಶತಮಾನ ಮೊದಲೇ ಲಿಯೊನಾರ್ಡೊ ಡ ವಿಂಚಿ ತಲೆಬುರುಡೆ ಸೀಳಿ ಇದರ ಚಿತ್ರ ಬರೆದಿಟ್ಟಿದ್ದ, ಆದರೆ ಅದು ಬಹುಕಾಲ ಹೊರಗೆ ಬರಲಿಲ್ಲ. ಹೈಮೋರನ ಪುಸ್ತಕದಲ್ಲಿ ಬರುವ ಒಬ್ಬ ಹೆಂಗಸಿನ ಕಥೆಯನ್ನು ಮೇಡಂ ಪ್ರತಿ ಬ್ಯಾಚಿಗೂ ಹೇಳುತ್ತಾರಂತೆ. ಆಕೆಯ ಒಂದು ಮೇಲಿನ ಹಲ್ಲು ಕಿತ್ತ ಮೇಲೆ ಆ ತೂತಿನಿಂದ ನೀರು ಒಸರುವುದು ನಿಲ್ಲಲಿಲ್ಲ. ಎಷ್ಟು ಆಳವಿದೆ ನೋಡೋಣ ಎಂದು ಆಕೆ ಬೆಳ್ಳಿಯ ಕಡ್ಡಿಯೊಂದನ್ನು ತೂರಿಸಿದಳು. ಅದು ಹೋಗುತ್ತಲೇ ಇತ್ತು. ಆಮೇಲೆ ಹಕ್ಕಿಯ ಗರಿ ಹಾಕಿದಳು, ಅದೂ ಒಳಗೆ ಹೋಯಿತು. ಮಿದುಳಿಗೇ ತಾಗಿತೇನೋ ಎಂದು ಗಾಬರಿಯಾಗಿ ವೈದ್ಯನ ಹತ್ತಿರ ಓಡಿಬಂದಳು. ಅಲ್ಲೊಂದು ಟೊಳ್ಳು ಇರುವುದೇ ಸಹಜ, ಎಲ್ಲರಿಗೂ ಅದು ಇರುತ್ತದೆ ಎಂದು ಹೈಮೋರ್ ಆಕೆಗೆ ತಿಳಿಸಿ ಹೇಳಬೇಕಾಯಿತು. ಆ ಕಥೆ ಕೇಳಿದಾಗ ಆ ಹೆಂಗಸು ಯಾರೋ ನಮ್ಮೂರಿನವಳೇ ಎನ್ನಿಸಿತು. ತನ್ನ ದೇಹದಲ್ಲಿ ಸದಾ ಇದ್ದದ್ದನ್ನೇ ಮೊದಲ ಸಲ ಕಂಡು ಹೆದರಿದವಳು.

ಇನ್ನೂ ಹಿಂದಕ್ಕೆ ಹೋದರೆ ದವಡೆ ಹಲ್ಲುಗಳ ಮೇಲೆ ದಪ್ಪ ಬಿಳಿಯ 'ಯು' ಆಕಾರ ಕಾಣುತ್ತದೆ, ಕೆನ್ನೆಮೂಳೆಯ ಬುಡ. ಅದರ ಬೆಳ್ಳಗಿನ ನೆರಳು ಕೆಲವೊಮ್ಮೆ ಬೇರುಗಳನ್ನೇ ಮುಚ್ಚಿಬಿಡುತ್ತದೆ. ಕೊನೆಯ ಹಲ್ಲಿನ ಹಿಂದೆ ದವಡೆ ದುಂಡಗೆ ಮುಗಿಯುತ್ತದೆ, ಅದರಾಚೆ ಕೊಕ್ಕೆಯಂಥ ಪುಟ್ಟ ಮೂಳೆ. ಅಲ್ಲಿ ನಾನು ಮತ್ತೊಂದು ಸಲ ಎಡವಿದೆ. ಒಂದು ಚಿತ್ರದ ಕೆಳಮೂಲೆಯಲ್ಲಿ ಚೂಪಾದ ಬಿಳಿ ತ್ರಿಕೋನವಿತ್ತು. ಮುರಿದುಳಿದ ಹಲ್ಲಿನ ಬೇರು ಎಂದು ಬರೆದೆ. ಮೇಡಂ, "ಬಾಯಿ ದೊಡ್ಡದಾಗಿ ತೆಗೀರಿ, ಕೆನ್ನೆ ಮೇಲೆ ಕೈ ಇಟ್ಕೊಳ್ಳಿ" ಅಂದರು. ಬಾಯಿ ತೆರೆದಾಗ ಕೆನ್ನೆಯ ಒಳಗೆ ಏನೋ ಮುಂದಕ್ಕೆ ಸರಿದು ಬಂತು. ಅದು ಕೆಳದವಡೆಯ ಮೇಲ್ಗೊನೆ, ಕೊರೊನಾಯ್ಡ್. ಫಿಲ್ಮ್ ಇಡಲು ಬಾಯಿ ಅಗಲಿಸಿದಾಗ ಅದು ಮುಂದೆ ಬಂದು ಮೇಲ್ದವಡೆಯ ಚಿತ್ರದೊಳಗೆ ಸೇರಿಕೊಳ್ಳುತ್ತದೆ. ಮೇಲಿನ ಚಿತ್ರದಲ್ಲಿ ಕೆಳಗಿನ ಮೂಳೆ!

ಆರು ವಾರ ಮುಗಿಯುವ ಹೊತ್ತಿಗೆ ನನಗೆ ಇನ್ನೊಂದು ವಿಷಯ ಅರ್ಥವಾಗಿತ್ತು. ಸಹಜ ಎನ್ನುವುದು ಒಂದೇ ಥರ ಇರುವುದಿಲ್ಲ. ಅದೇ ಫೊರಾಮೆನ್ ಒಬ್ಬರಲ್ಲಿ ದುಂಡಗೆ, ಇನ್ನೊಬ್ಬರಲ್ಲಿ ಉದ್ದಕ್ಕೆ, ಮತ್ತೊಬ್ಬರಲ್ಲಿ ಹೃದಯದ ಆಕಾರದಲ್ಲಿ. ಕೆಲವರಲ್ಲಿ ಅಂಚು ಗೆರೆ ಕೊರೆದಂತೆ, ಕೆಲವರಲ್ಲಿ ಮಂಜು ಮಂಜು. ಕೆಲವು ಫಿಲ್ಮುಗಳಲ್ಲಿ ಕಾಣುವುದೇ ಇಲ್ಲ. ರೋಗಕ್ಕಾದರೆ ಪುಸ್ತಕದಲ್ಲಿ ವಿವರಣೆ ಇದೆ, ಅಳತೆ ಇದೆ. ಆರೋಗ್ಯವನ್ನು ಮಾತ್ರ ನೂರಾರು ಜನರಲ್ಲಿ ನೋಡಿಯೇ ಕಲಿಯಬೇಕು. ಮೇಡಂ ಒಂದು ಉಪಾಯ ಹೇಳಿಕೊಟ್ಟರು: ಅನುಮಾನ ಬಂದರೆ ಇನ್ನೊಂದು ಬದಿ ನೋಡಿ. ಬಲಗಡೆ ಇರುವುದೇ ಎಡಗಡೆಯೂ ಇದ್ದರೆ ಬಹುಮಟ್ಟಿಗೆ ಅದು ಹುಟ್ಟಿನಿಂದ ಬಂದದ್ದು.

ನನ್ನ ಪ್ರೋಗ್ರಾಂ ಏನಾಯಿತು ಎಂದು ಹೇಳಲೇಬೇಕು. ಮೊದಲ ಎರಡು ತಿಂಗಳ ಚೌಕಗಳಿಂದ ಕಲಿತದ್ದು ಅದು. ಹೊಸ ಚಿತ್ರ ಕೊಟ್ಟರೆ ಬಾಚಿಹಲ್ಲುಗಳ ನಡುವಿನ ತೂತಿಗೆ ತಪ್ಪದೆ ಕೆಂಪು ಚೌಕ ಹಾಕುತ್ತಿತ್ತು. ಸೈನಸ್ಸಿನ ತಗ್ಗಿಗೂ ಹಾಕುತ್ತಿತ್ತು. ಅದಕ್ಕೆ ದಣಿವಿಲ್ಲ, ಸಂಕೋಚವಿಲ್ಲ. ನಾನು ಅವ್ವನಿಗೆ "ಹೌದವ್ವ" ಅಂದ ಹಾಗೆಯೇ ಅದೂ ಎಲ್ಲರಿಗೂ ಹೌದು ಹೌದು ಎನ್ನುತ್ತಿತ್ತು. ತಪ್ಪು ಅದರದ್ದಲ್ಲ, ನಾನು ಕಲಿಸಿದ್ದು.

ಚೌಕಗಳನ್ನು ತಿದ್ದಿದ ಮೇಲೂ ತೊಂದರೆ ಪೂರ್ತಿ ಹೋಗಲಿಲ್ಲ. ಯಾಕೆಂದು ಯೋಚಿಸಿದಾಗ ಎರಡು ಸಂಗತಿ ಹೊಳೆದವು. ಮೊದಲನೆಯದು, ಆಸ್ಪತ್ರೆಗೆ ಬರುವವರೆಲ್ಲ ನೋವಿದ್ದವರೇ. ಏನೂ ತೊಂದರೆಯಿಲ್ಲದವರು ಬಂದು ಎಕ್ಸ್‌ರೇ ತೆಗೆಸಿಕೊಳ್ಳುವುದಿಲ್ಲ, ತೆಗೆಸಿಕೊಳ್ಳಬಾರದು ಕೂಡ. ಹಾಗಾಗಿ ನಮ್ಮ ಸಂಗ್ರಹದಲ್ಲಿ ಆರೋಗ್ಯವಾದ ಬಾಯಿಗಳೇ ವಿರಳ. ಎರಡನೆಯದು, ನಮ್ಮ ವಿದ್ಯೆಯ ಪರಿಭಾಷೆ. ಚೌಕದ ಒಳಗೆ ಇರುವುದಕ್ಕೆ ಹೆಸರಿದೆ: ಹುಳುಕು, ಸೋಂಕು, ಗಂಟು. ಚೌಕದ ಹೊರಗೆ ಇರುವ ಎಲ್ಲಕ್ಕೂ ಸೇರಿ ನಾವು ಇಟ್ಟಿರುವುದು ಒಂದೇ ಹೆಸರು, ಬ್ಯಾಕ್‌ಗ್ರೌಂಡ್. ಮೂಗು, ಕೆನ್ನೆಮೂಳೆ, ಹೈಮೋರನ ಕೋಣೆ, ನರ ಬರುವ ದಾರಿ, ಎಲ್ಲವೂ ಬರೀ ಹಿನ್ನೆಲೆ. ಹೆಸರೇ ಇಲ್ಲದ್ದನ್ನು ಯಂತ್ರವಾದರೂ ಹೇಗೆ ಗುರುತು ಹಿಡಿಯಬೇಕು? ನಾನು ಮಾರ್ಗದರ್ಶಕರ ಹತ್ತಿರ ಹೋಗಿ, ಸಹಜವಾಗಿರುವ ಭಾಗಗಳಿಗೂ ಒಂದೊಂದು ಹೆಸರು ಕೊಟ್ಟು ಚೌಕ ಎಳೆಯುತ್ತೇನೆ ಎಂದೆ. "ಆರು ತಿಂಗಳು ತಡವಾಗುತ್ತೆ" ಅಂದರು. "ಆಗಲಿ ಸಾರ್" ಅಂದೆ.

ಈ ನಡುವೆ ಒಂದು ಸಲ ಊರಿಗೆ ಹೋದಾಗ ಅವ್ವನ ಟ್ರಂಕು ತೆಗೆದೆ. ಪಹಣಿ, ರೇಷನ್ ಕಾರ್ಡಿನ ಜೆರಾಕ್ಸ್‌ಗಳ ನಡುವೆ ಕಂದು ಲಕೋಟೆಯಲ್ಲಿ ಆ ಫಿಲ್ಮ್ ಇತ್ತು. ಅವ್ವ ಯಾವ ಕಾಗದವನ್ನೂ ಎಸೆಯುವುದಿಲ್ಲ. ಕೇಳದೆಯೇ ತೆಗೆದುಕೊಂಡು ಬಂದೆ. ಶನಿವಾರ ಮೇಡಂ ಮುಂದೆ ಇಟ್ಟೆ. ಯಾರದೆಂದು ಹೇಳಲಿಲ್ಲ.

ಅವರು ಫಿಲ್ಮಿನ ಮೂಲೆಯ ಉಬ್ಬಿದ ಚುಕ್ಕೆಯನ್ನು ಬೆರಳಿನಿಂದ ಸವರಿದರು. ಆ ಉಬ್ಬು ನಮ್ಮ ಕಡೆಗಿದ್ದರೆ ರೋಗಿ ನಮ್ಮೆದುರು ಕೂತ ಹಾಗೆ, ಅವರ ಬಲ ನಮ್ಮ ಎಡಕ್ಕೆ. ಆಮೇಲೆ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿ ಹಿಡಿದರು. ಎಡ ಬಾಚಿಹಲ್ಲಿನ ಬೇರಿನ ತುದಿಗೆ ಸರಿಯಾಗಿ ಆ ಕಪ್ಪು ಕೂತಿತ್ತು.

"ಟ್ಯೂಬ್ ಪಕ್ಕದಿಂದ ಹಿಡಿದಿದ್ದಾರೆ. ಅದಕ್ಕೆ ಮಧ್ಯದಲ್ಲಿರಬೇಕಾದದ್ದು ಬೇರಿನ ಮೇಲೆ ಬಂದಿದೆ" ಅಂದರು. ಆಮೇಲೆ ನನ್ನ ಕೈಗೆ ಭೂತಗನ್ನಡಿ ಕೊಟ್ಟು, "ಬೇರಿನ ಸುತ್ತ ಬಿಳಿ ಗೆರೆ ಹುಡುಕಿ" ಅಂದರು. ಪ್ರತಿ ಹಲ್ಲಿನ ಬೇರು ಕೂತಿರುವ ಗುಂಡಿಗೆ ಒಂದು ತೆಳ್ಳನೆಯ ಗಟ್ಟಿ ಗೋಡೆ ಇರುತ್ತದೆ. ಫಿಲ್ಮಿನಲ್ಲಿ ಅದು ಬಿಳಿ ಗೆರೆ, ಲ್ಯಾಮಿನಾ ಡ್ಯೂರಾ. ಅದಕ್ಕೂ ಬೇರಿಗೂ ನಡುವೆ ದಾರದಷ್ಟು ಸಣ್ಣ ಕಪ್ಪು ಗೆರೆ. ಸೋಂಕು ಬಂದರೆ ತುದಿಯಲ್ಲಿ ಈ ಬಿಳಿ ಗೆರೆ ಅಳಿಸಿಹೋಗುತ್ತದೆ. ನಾನು ಗೆರೆ ಹಿಡಿದು ಮೇಲೆ ಹೋದೆ. ಕಪ್ಪಿನೊಳಗೂ ಅದು ಮುಂದುವರಿದಿತ್ತು. ತುದಿಯನ್ನು ಸುತ್ತಿ ಆಚೆ ಬದಿಗೆ ಇಳಿದಿತ್ತು. ಎಲ್ಲೂ ಕಡಿದಿರಲಿಲ್ಲ.

"ಇನ್ನೊಂದು ಕೋನದಿಂದ ಇನ್ನೊಂದು ಫಿಲ್ಮ್ ಇದೆಯಾ?"

ಇರಲಿಲ್ಲ. ಇದ್ದಿದ್ದರೆ ಅಲ್ಲೇ ತೀರ್ಮಾನವಾಗುತ್ತಿತ್ತು. ಟ್ಯೂಬನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ತೆಗೆದರೆ, ಬೇರಿಗೆ ಅಂಟಿಕೊಂಡ ರೋಗ ಬೇರಿನ ಜೊತೆಗೇ ಇರುತ್ತದೆ. ಅಂಗುಳದ ಕಡೆಯ ತೂತು ಬೇರನ್ನು ಬಿಟ್ಟು ಸರಿಯುತ್ತದೆ. 1910ರಲ್ಲಿ ಸಿ. ಎ. ಕ್ಲಾರ್ಕ್ ಎಂಬಾತ ವಿವರಿಸಿದ ವಿಧಾನ ಇದು. ನನಗೆ ಇದು ಅರ್ಥವಾದದ್ದು ಊರಿನ ಬಸ್ಸಿನಲ್ಲಿ. ಕಿಟಕಿಯಿಂದ ನೋಡಿದರೆ ರಸ್ತೆ ಪಕ್ಕದ ಮರ ಹಿಂದಕ್ಕೆ ಓಡುತ್ತದೆ, ದೂರದ ಗುಡ್ಡ ನಮ್ಮ ಜೊತೆಗೇ ಬರುತ್ತದೆ. ಹಲ್ಲಿನ ಬೇರು ಮರ, ಅಂಗುಳದ ತೂತು ಗುಡ್ಡ. ಒಂದೇ ಜಾಗದಲ್ಲಿ ನಿಂತವರಿಗೆ ಗುಡ್ಡ ಮರಕ್ಕೆ ಅಂಟಿಕೊಂಡಂತೆಯೇ ಕಾಣುತ್ತದೆ. ಹಾಗಂತ ಸುಮ್ಮಸುಮ್ಮನೆ ಎರಡು ಮೂರು ಎಕ್ಸ್‌ರೇ ತೆಗೆಯುವಂತಿಲ್ಲ. 1896ರಲ್ಲೇ ಅಮೆರಿಕದಲ್ಲಿ ಹಲ್ಲಿನ ಎಕ್ಸ್‌ರೇ ತೆಗೆಯಲು ಶುರುಮಾಡಿದ ನ್ಯೂ ಆರ್ಲಿಯನ್ಸ್‌ನ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರು ಕಿರಣ ಸರಿಯಾಗಿ ಬರುತ್ತಿದೆಯೇ ಎಂದು ತಮ್ಮ ಕೈಯನ್ನೇ ಅಡ್ಡ ಹಿಡಿದು ನೋಡುತ್ತಿದ್ದರು. ಆ ಕೈಗೆ ಕ್ಯಾನ್ಸರ್ ಬಂತು, ಬೆರಳುಗಳು ಹೋದವು, ಕೊನೆಗೆ ತೋಳೂ ಹೋಯಿತು. ಅದಕ್ಕೇ ಮೇಡಂ ಪ್ರತಿ ಎರಡನೇ ಫಿಲ್ಮಿಗೂ ಒಂದು ಕಾರಣ ಬರೆಸುತ್ತಾರೆ.

"ಐಸ್ ಇಟ್ಟು ನೋಡಿದ್ರಂತಾ?" ಮೇಡಂ ಮೂರನೇ ಪ್ರಶ್ನೆ ಕೇಳಿದರು. "ಜೀವ ಇರೋ ಹಲ್ಲಿಗೆ ತಣ್ಣಗಿನದು ಗೊತ್ತಾಗುತ್ತೆ. ಒಂದೇ ಬೇರಿನ ಹಲ್ಲು ಸತ್ತು, ತುದಿಯಲ್ಲಿ ಸೋಂಕು ಕೂತಿದ್ದರೆ ಸಾಮಾನ್ಯವಾಗಿ ಗೊತ್ತಾಗಲ್ಲ."

"ತಣ್ಣೀರು ಕುಡಿದ್ರೆ ಜುಮ್ ಅನ್ನುತ್ತೆ ಅಂತಾನೇ ಹೋಗಿದ್ದು ಮೇಡಂ."

ಅವರು ಭೂತಗನ್ನಡಿ ಕೆಳಗಿಟ್ಟರು. "ಯಾರದ್ದು?" ಅಂದರು. ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಫಿಲ್ಮ್ ನೋಡಿ ನಾನು ಖಂಡಿತ ಅಂತ ಹೇಳಲ್ಲ. ಅವರು ಬಾಯಿ ನೋಡಿದ್ದಾರೆ, ನಾನು ನೋಡಿಲ್ಲ. ಆದರೆ ಈ ಫಿಲ್ಮಲ್ಲಿ ನನಗೆ ರೋಗ ಕಾಣ್ತಿಲ್ಲ" ಅಂದರು. ಸವೆದ ಜಾಗಕ್ಕೆ ಸಿಮೆಂಟ್ ಹಾಕಿ, ಮೆತ್ತನೆಯ ಬ್ರಷ್ ಕೊಟ್ಟಿದ್ದರೆ ಬಹುಶಃ ಮುಗಿದುಹೋಗುತ್ತಿತ್ತು.

ಆ ವೈದ್ಯರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದು ಬಹಳ ದಿನ ನಿಲ್ಲಲಿಲ್ಲ. ಅದೇ ತೂತಿಗೆ ನಾನೂ ಎಷ್ಟೋ ಚೌಕ ಎಳೆದವಳು. ಅವರಿಗೆ ಆ ಮಧ್ಯಾಹ್ನ ಹೊರಗೆ ಹದಿನೈದು ಜನ ಕಾಯುತ್ತಿದ್ದರು. ನನಗೆ ಯಾರೂ ಕಾಯುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಗೊತ್ತಿಲ್ಲ ಎನ್ನಲು ನನಗೆ ಬೇಕಾದಷ್ಟು ಸಮಯವಿತ್ತು. ನನಗೆ ಕಂಡದ್ದು ಕಪ್ಪು ಮಾತ್ರ. ಅವ್ವ ಕೇಳಿದ್ದು ಕಪ್ಪು ಕಾಣುತ್ತದೆಯೇ ಎಂದಲ್ಲ. ಒಪ್ಪಿಕೊಳ್ಳಲೇ ಬೇಡವೇ ಎಂದು ಕೇಳಿದ್ದಳು.

ಇದನ್ನು ಅವಳಿಗೆ ಹೇಳಲು ನನಗೆ ಏಳೆಂಟು ತಿಂಗಳು ಬೇಕಾಯಿತು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ನೆಪ ಹೇಳಿಕೊಂಡೆ. ಊರಿಗೆ ಹೋದಾಗ ಇವತ್ತು ಬೇಡ, ನಾಳೆ ಎಂದುಕೊಂಡೆ.

ಹೋದ ಚಳಿಗಾಲದಲ್ಲಿ ಅವ್ವನೇ ಫೋನ್ ಮಾಡಿದಳು. ಹದಿನೈದು ದಿನದ ನೆಗಡಿ, ಈಗ ಬಲಗಡೆ ಮೇಲಿನ ದವಡೆ ಹಲ್ಲು ಎಲ್ಲ ನೋವು, ಕೀಳಿಸಿಬಿಡಬೇಕು ಅಂದಳು. ಯಾವ ಹಲ್ಲು ಎಂದರೆ, "ಒಂದಲ್ಲ, ಎಲ್ಲಾನೂ" ಅಂದಳು. "ಅಡಿಕೆ ಆರಿಸಾಕೆ ಬಗ್ಗಿದ್ರೆ ಜಾಸ್ತಿ ಆಕ್ಕತಿ." ದಾವಣಗೆರೆಗೆ ಕರೆಸಿಕೊಂಡು ಮೇಡಂ ಹತ್ತಿರ ಕರೆದುಕೊಂಡು ಹೋದೆ.

ಅವರು ಮೊದಲು ಎಕ್ಸ್‌ರೇ ತೆಗೆಯಲಿಲ್ಲ. ಹಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು. ಕೆನ್ನೆ ಒತ್ತಿದರು. ಐಸ್ ತುಂಡೊಂದನ್ನು ಹಲ್ಲಿಂದ ಹಲ್ಲಿಗೆ ಇಡುತ್ತ ಹೋದರು. ಪ್ರತಿ ಸಲವೂ ಅವ್ವ ಕೈ ಎತ್ತಿದಳು, ತೆಗೆದ ಕೂಡಲೇ ಇಳಿಸಿದಳು. ಎಲ್ಲ ಹಲ್ಲುಗಳಿಗೂ ಜೀವವಿತ್ತು. ಮುಂದಿನ ಕ್ಯಾಪ್ ಹಲ್ಲಿಗೆ ಮಾತ್ರ ಅವರು ಇಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಆಮೇಲೆ ಒಂದೇ ಒಂದು ಎಕ್ಸ್‌ರೇ. ಪರದೆಯ ಮೇಲೆ ಸೈನಸ್ಸಿನ ನೆಲ ದವಡೆ ಹಲ್ಲುಗಳ ಬೇರುಗಳ ನಡುವೆ ತೊಟ್ಟಿಲಿನಂತೆ ಇಳಿದಿತ್ತು. ಬಿಳಿ ಗೆರೆಗಳೆಲ್ಲ ಅಖಂಡ.

"ಹಲ್ಲಿಗೇನೂ ಆಗಿಲ್ಲಮ್ಮ. ಮೇಲಿನ ಕೋಣೇಲಿ ನೆಗಡಿ ಕಟ್ಟಿಕೊಂಡಿರಬೇಕು, ಅದರ ನೋವು ಹಲ್ಲಿಗೆ ಬರ್ತಿದೆ. ಕಿವಿ ಮೂಗು ಡಾಕ್ಟರಿಗೆ ತೋರಿಸಿ."

ಅವ್ವನಿಗೆ ಅಷ್ಟು ಸಮಾಧಾನವಾಗಲಿಲ್ಲ. ಅಷ್ಟು ದೂರದಿಂದ ಬಂದದ್ದಕ್ಕೆ ಒಂದು ಹಲ್ಲಾದರೂ ಹೋಗಬೇಕಿತ್ತು ಎಂಬ ಭಾವ. "ಏನೂ ಇಲ್ಲ ಅನ್ನಾಕೆ ಇಷ್ಟು ಓದಬೇಕಾ ಡಾಕ್ಟ್ರಮ್ಮಾ?" ಅಂದಳು. ಮೇಡಂ, "ಅದಕ್ಕೇ ಜಾಸ್ತಿ ಓದಬೇಕಮ್ಮ" ಅಂದರು.

ಸಂಜೆಯ ಬಸ್ಸಿನಲ್ಲಿ ನಾನೂ ಅವಳ ಜೊತೆ ಊರಿಗೆ ಹೊರಟೆ. ಸಂತೇಬೆನ್ನೂರು ದಾಟಿದ ಮೇಲೆ ಬಸ್ಸು ಅರ್ಧ ಖಾಲಿಯಾಯಿತು. ಆಗ ಹೇಳಿದೆ. ಮುಂದಿನ ಹಲ್ಲಿಗೆ ಅವತ್ತು ಬಹುಶಃ ಏನೂ ಆಗಿರಲಿಲ್ಲ, ನಾನು ಗೊತ್ತಿಲ್ಲದೆ ಹೌದು ಅಂದೆ ಎಂದು.

ಅವ್ವ ಕಿಟಕಿಯ ಕಡೆ ನೋಡುತ್ತ, "ಕಪ್ಪು ಇತ್ತಲ್ಲ?" ಅಂದಳು.

"ಇತ್ತವ್ವ. ಅದು ಎಲ್ಲರಿಗೂ ಇರ್ತತಿ."

"ನಿಂಗೂ?"

"ನಂಗೂ."

ಅವಳ ತುಟಿಯ ಒಳಗೆ ನಾಲಗೆ ಓಡಾಡಿದ್ದು ಕಂಡಿತು. ಕ್ಯಾಪಿನ ಮೇಲೋ, ಅದರ ಹಿಂದಿನ ಆ ಗುಬ್ಬಿಯ ಮೇಲೋ ಗೊತ್ತಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಏಳು ಸಾವ್ರ. ನಿಮ್ಮಪ್ಪ ಆ ವರ್ಷ ಮೋಟ್ರು ರಿಪೇರಿ ಮಾಡಿಸ್ತೀನಿ ಅಂತಿದ್ರು" ಅಂದಳು. ಬೈಯಲಿಲ್ಲ, ಹೋಗಲಿ ಬಿಡು ಎಂದೂ ಹೇಳಲಿಲ್ಲ. ಇಳಿಯುವಾಗ ಎಂದಿನಂತೆ ನನ್ನ ಬ್ಯಾಗನ್ನೂ ತಾನೇ ಹೊತ್ತುಕೊಂಡಳು.

ಮೂಗಿನ ಔಷಧಿ, ಹಬೆ ಎಲ್ಲ ಸೇರಿ ಮೂರು ವಾರದಲ್ಲಿ ಅವಳ ದವಡೆ ನೋವು ಹೋಯಿತು. ನನ್ನ ಚೌಕಗಳ ಕೆಲಸ ಇನ್ನೂ ನಡೆಯುತ್ತಿದೆ. ಈಗ ಕೆಂಪು ಚೌಕಗಳ ಜೊತೆ ಹಸಿರು ಚೌಕಗಳೂ ಇವೆ: ಫೊರಾಮೆನ್, ಮೂಗಿನ ಹೊಳ್ಳೆ, ಸೈನಸ್, ಕೆನ್ನೆಮೂಳೆ, ಕೊರೊನಾಯ್ಡ್. ಪ್ರೋಗ್ರಾಂ ಮೊದಲಿಗಿಂತ ಕಡಿಮೆ ತಪ್ಪು ಮಾಡುತ್ತದೆ. ಮಾಡುವುದೇ ಇಲ್ಲ ಎನ್ನಲಾರೆ. ದಿನಕ್ಕೆ ಮೂವತ್ತು ಚಿತ್ರ ಮುಗಿದರೆ ಹೆಚ್ಚು.

ಹೋದ ತಿಂಗಳು ಅವ್ವ ಫೋನಿನಲ್ಲಿ ಪಕ್ಕದ ಮನೆಯ ಚಿಕ್ಕಮ್ಮನ ಜೊತೆ ಮಾತಾಡಿಸಿದಳು. ಅವರಿಗೂ ಮುಂದಿನ ಹಲ್ಲು ನೋವಂತೆ, ಎಕ್ಸ್‌ರೇ ತೆಗೆಸಿದ್ದಾರಂತೆ, ವಾಟ್ಸಾಪಿನಲ್ಲಿ ಕಳಿಸಲೇ ಎಂದು ಕೇಳಿದರು. ಕಳಿಸಬೇಡಿ ಚಿಕ್ಕಮ್ಮ, ನಾನು ಹೇಳೋ ಹಾಗಿಲ್ಲ ಎನ್ನುವಷ್ಟರಲ್ಲಿ ಹಿಂದಿನಿಂದ ಅವ್ವನ ದನಿ ಕೇಳಿಸಿತು.

"ಐಸ್ ಇಟ್ಟು ನೋಡಿದ್ರೇನು ಅಂತ ಕೇಳು ಮೊದ್ಲು."